ಮನ್ಯಾಗ ರಿಪೇರಿ ಆಗೂ ಬಿಲ್ಲು

ಕಂಪೌಂಡ್ ಬಿಲ್ಲು ತೊಗೊಳ್ಳಿಕ್ಕೆ ಹೋದವರು ಮೊದಲ ಕೇಳೂದು, ಬಾಣ ಎಷ್ಟು ಜೋರ್ ಹೋಗ್ತದ ಅಂತ. ನಾ ಕೇಳೂದ ಬ್ಯಾರೆ. ಇದರ ಸ್ಕ್ರೂಕ್ಕ ಯಾವ ಪಾನಾ ಹತ್ತತದ, ಅದನ್ನ ನಾವ ತಿರಗಿಸಬಹುದೋ ಇಲ್ಲೋ? ಮೂವತ್ತು ವರ್ಷದ ಹೊಲಿಗಿ ಮಷೀನ್ ಇನ್ನೂ ಓಡಸಾಕಿ ನಾನು. ನಾವ ಬಿಚ್ಚಿ ಎಣ್ಣಿ ಹಾಕ್ಲಿಕ್ಕೆ ಬರಲಾರದ ಸಾಮಾನು ಮನ್ಯಾಗ ಇಟ್ಕೊಳ್ಳೂದು ನನಗ ಸೇರೂದಿಲ್ಲ.

2023ರಾಗ ಬರ್ಲಿನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಾಗ ಸಾತಾರಾದ ಅದಿತಿ ಸ್ವಾಮಿ 17ನೇ ವಯಸ್ಸಿಗೇ ಬಂಗಾರ ಗೆದ್ಲಲ್ಲ, ಅವತ್ತಿಂದ ನಮ್ಮ ಸಣ್ಣ ಮಗಳಿಗೆ ಇದರ ಹುಚ್ಚು. ಸಾದಾ ಬಿಲ್ಲು ಎಳದಷ್ಟೂ ಬಿಗಿ ಆಗ್ತದ. ಕಂಪೌಂಡಿಗೆ ತುದಿಗೆ ಕ್ಯಾಮ್ ಅಂತ ಗಾಲಿ ಇರ್ತಾವ, ಬಾವಿ ರಾಟಿ ಇದ್ದಂಗ, ಆದ್ರ ದುಂಡಗಿರೂದಿಲ್ಲ. ಹಿಂಗಾಗಿ ನಡುವ ಭಾರ ಹತ್ತಿ, ಪೂರ್ತಿ ಎಳದ ಮ್ಯಾಲೆ ಹಗುರ ಆಗ್ತದ. 40 ಪೌಂಡಿನ ಬಿಲ್ಲು 75 ಪರ್ಸೆಂಟ್ ಹಗುರ ಆದ್ರ, ಗುರಿ ಹಿಡಿಯೂ ಮುಂದ ತಡಕೊಳ್ಳೂದು ಬರೇ 10 ಪೌಂಡ್, ಅಂದ್ರ ನಾಲ್ಕೂವರಿ ಕಿಲೋ. ಸುಖ ಖರೆ. ಆದ್ರ ಸುಮ್ನ ಗ್ವಾಡಿಗೆ ತೂಗ ಹಾಕಿದಾಗೂ ಅದರ ಪಟ್ಟಿ ಬಗ್ಗೇ ಇರ್ತಾವ, ಹೆದಿ ಬಿಗದೇ ಇರ್ತದ. ಬರೇ ಕೈಲೆ ಹೆದಿ ತಗೀಲಿಕ್ಕೆ ಆಗೂದಿಲ್ಲ. ಬೋ ಪ್ರೆಸ್ ಅನ್ನೂ ಯಂತ್ರದಾಗ ಹಾಕಿ ಪಟ್ಟಿ ಒತ್ತಿ ಹಿಡೀಬೇಕು. ಪ್ರೆಸ್ ಬೇಕಾಗೂ ಕೆಲಸ ಎಷ್ಟೋ, ಅಷ್ಟು ಸಲ ನೀವು ಅಂಗಡಿಯವರ ಕೈಯಾಗ.

ಆಕಿ ಮೊದಲಿನ ಬಿಲ್ಲು ಹಂಥಾದ್ದ. ಹುಡುಗಿ ಬೆಳದಂಗ ಎಳತದ ಉದ್ದ ಬದಲ ಮಾಡ್ಬೇಕಲ್ಲ, ಅದಕ್ಕ ಬ್ಯಾರೆ ಮಾಡ್ಯೂಲ್ ತರಿಸಬೇಕು, ಪ್ರೆಸ್ಸಿಗೆ ಹಾಕಬೇಕು. ಡಬ್ಬಿ ಕಟ್ಟಿ ಬ್ಯಾರೆ ರಾಜ್ಯಕ್ಕ ಕೊರಿಯರ್ ಮಾಡೂದು. ಎರಡನೇ ಸಲ ಹೋದದ್ದು ಐದು ವಾರ ಆದ್ರೂ ಬರ್ಲಿಲ್ಲ. ಫೋನ್ ಮಾಡಿದಾಗೆಲ್ಲಾ "ನಾಳೆ ಕಳಸ್ತೇವ್ರಿ ಅಕ್ಕಾರ" ಅಂತ ಒಂದ ಮಾತು. ನಡುವ ಸೆಲೆಕ್ಷನ್ ಬಂತು, ಹೋತು. ಅವತ್ತು ಆಕಿ ಅಳಲಿಲ್ಲ. ಮುಂಜಾನೆದ್ದು ಕನ್ನಡಿ ಮುಂದ ನಿಂತು ಖಾಲಿ ಕೈಲೆ ಎಳದು ಎಳದು ಬಿಡ್ಲಿಕತ್ತಿದ್ಲು. ನನಗ ನೋಡ್ಲಿಕ್ಕೆ ಆಗ್ಲಿಲ್ಲ, ಅಡಗಿಮನಿಗೆ ಹೋದೆ.

ಎರಡನೇದು ತೊಗೊಳ್ಳೂ ಮುಂದ ತಾಯಿ ಮಗಳು ಕೂತು ಒಂದೊಂದ ಬಿಲ್ಲಿನ ಮ್ಯಾನುಯಲ್ ಓದಿದ್ವಿ. ಕೆಲವಕ್ಕ ಮಾಡ್ಯೂಲ್ ಕ್ಯಾಮಿನ ಮ್ಯಾಲೇ ಕೂತಿರ್ತದ. ಆರು ಮೂಲಿ ಎಲ್-ಕೀಲೆ ಸ್ಕ್ರೂ ಸಡ್ಲ ಮಾಡಿ, ಬೇಕಾದ ನಂಬರಿಗೆ ತಿರಗಿಸಿ, ಬಿಗಿ ಮಾಡಿದ್ರ ಮುಗೀತು. ಬೆಳಿಯೂ ಹುಡುಗ್ರಿಗೆ ಇದೊಂದು ಇರ್ಲೇಬೇಕು. ಎರಡೂ ಕೈ ಚಾಚಿ ನಿಲ್ಲಿಸಿ ತುದಿಯಿಂದ ತುದಿಗೆ ಇಂಚಿನಾಗ ಅಳೀರಿ, ಎರಡೂವರಿಲೆ ಭಾಗಸ್ರಿ, ಎಳತದ ಉದ್ದ ಅಂದಾಜು ಸಿಗ್ತದ. ಜಂಪರ್ ಅಳಿಯೂ ಟೇಪ್ ಸಾಕು.

ಬಾಣ ಓರೆ ಹೋಗೂದಕ್ಕ ಹಳೇ ನಮೂನಿ ಬಿಲ್ಲಿನಾಗ ಪ್ರೆಸ್ಸಿಗೆ ಹಾಕಿ ಕೇಬಲ್ ಹುರಿ ತಿರವಬೇಕಾಗ್ತದ. ಬೌಟೆಕ್ ಕಂಪನಿಯವರು ಡೆಡ್‌ಲಾಕ್ ಅಂತ ಮಾಡ್ಯಾರ, ಸ್ಕ್ರೂ ತಿರಗಿಸಿದ್ರ ಕ್ಯಾಮ್ ಅಚ್ಚಿನ ಮ್ಯಾಲೆ ಅತ್ತಿತ್ತ ಸರೀತದ. ಛಲೋ ಅದ, ಆದ್ರ ನಮ್ಮ ಕಿಸೆಕ್ಕ ತುಟ್ಟಿ. ಅದನ್ನ ಬಿಟ್ವಿ, ಮಾಡ್ಯೂಲಿಂದು ಬಿಡಲಿಲ್ಲ. ಅಂಗಡಿಯವರು 70 ಪೌಂಡಿಂದೂ ತೋರಿಸಿದ್ರು. ಅದು ಅಮೆರಿಕಾದಾಗ ಜಿಂಕಿ ಹೊಡಿಯೂವರಿಗೆ. ಸ್ಪರ್ಧಾದಾಗ 50 ಮೀಟರಿಗೆ 60 ಪೌಂಡಿನ ಮ್ಯಾಲೆ ಒಪ್ಪೂದಿಲ್ಲ, ನಮ್ಮ ಹುಡುಗಿಗೆ 40 ದಾಟೂದ ಬ್ಯಾಡ.

ಎಲ್ಲಾ ಮನ್ಯಾಗ ಆಗ್ತದ ಅಂತ ಅಲ್ಲ. ಹೆದಿ, ಕೇಬಲ್ ಬದಲ ಮಾಡೂದಕ್ಕ ಈಗೂ ಪ್ರೆಸ್ ಬೇಕು. ಸಣ್ಣ ಪ್ರೆಸ್ ಮನಿಗೇ ತರೂಣು ಅಂದ್ರು ನಮ್ಮನಿಯವರು. ನಾ ಬ್ಯಾಡಂದೆ. ಹೊಂದಲಾರದ್ದಕ್ಕ ಹಾಕಿದ್ರ ಪಟ್ಟಿ ಸೀಳ್ತಾವ. ಆ ಒಂದು ಕೆಲಸಕ್ಕ ಸ್ಪರ್ಧಾ ಇಲ್ಲದ ತಿಂಗಳ ನೋಡಿ ಕಳಸ್ತೇವಿ.

ಉಳದದ್ದು ನಾವ. ಚೌಕಟ್ಟಿಗೆ ಪೇಪರ್ ಕಟ್ಟಿ, ಹಿಂದ ಗುರಿಹಲಗಿ ಇಟ್ಟು, ಎರಡು ಮೀಟರಿಂದ ಹೊಡದ್ರ ಪೇಪರೇ ಹೇಳ್ತದ. ದುಂಡ ತೂತು ಬಿದ್ರ ಬಾಣ ನೆಟ್ಟಗ ಹೊಂಟದ, ಉದ್ದಕ್ಕ ಹರದ್ರ ಬಾಲ ಹೊರಳೇದ. ಬಾಣ ಕೂಡೂ ರೆಸ್ಟ್ ಕೂದಲೆಳಿಯಷ್ಟು ಸರಿಸಿ ಮತ್ತ ಹೊಡೀತಾಳ. ಪಟ್ಟಿ ಬೋಲ್ಟ್ ಮ್ಯಾಲಿಂದೊಂದು ಸುತ್ತು ಸಡ್ಲ ಮಾಡಿದ್ರ ಕೆಳಗಿಂದೂ ಒಂದೇ ಸುತ್ತು. ಮ್ಯಾನುಯಲಿನಾಗ ಹೇಳಿದ್ದಕ್ಕಿಂತ ಹೆಚ್ಚಿಗೆ ಸಡ್ಲ ಮಾಡಬಾರದು. ಎಲ್ಲಿದ್ದು ಅಂತ ತಿಳೀಲಿಕ್ಕೆ ನೇಲ್ ಪಾಲಿಶ್‌ಲೆ ಗೆರಿ ಎಳದೀನಿ. ಹತ್ತಿ ಉಂಡಿ ಪಟ್ಟಿ ಮ್ಯಾಲೆ ಸವರಸ್ತೀನಿ, ಎಲ್ಲೆರೆ ಎಳಿ ಸಿಕ್ತು ಅಂದ್ರ ಅಲ್ಲಿ ಸೀಳು ಹುಡಕಬೇಕು. ಹೆದಿಗೆ ಮೇಣ ಹಚ್ಚಿ ಬಟ್ಟಿಲೆ ತಿಕ್ಕೂದೂ ನನ್ನ ಪಾಲಿಂದ.

ಒಬ್ಬರಿಗೇ ಆಗಲಾರದ್ದು ಒಂದದ. ಪೂರ್ತಿ ಎಳದಾಗ ಎರಡೂ ಕ್ಯಾಮಿನ ಗೂಟ ಕೂಡೇ ಹೋಗಿ ತಡೀಬೇಕು. ಎಳಿಯೂವರಿಗೆ ಅದು ಕಾಣೂದಿಲ್ಲ. ಬಾಣ ಹೂಡಿ, ಗುರಿ ಕಡೆ ಮುಖ ಮಾಡಿ ಆಕಿ ಎಳೀತಾಳ; ನಾ ಬದಿಗೆ ನಿಂತು ಮ್ಯಾಲಿಂದು, ಕೆಳಗಿಂದು ನೋಡ್ತೀನಿ. "ಅವ್ವಾ, ಕೂಡೇ ಬಡೀತೇನ?" ಅಂತ ಹಲ್ಲು ಕಚ್ಚೇ ಕೇಳ್ತಾಳ. ಹಿಂದ ಮುಂದ ಆದ್ರ ತಿದ್ದೂದು ಅಂಗಡಿ ಕೆಲಸ, ಆದ್ರ ಏನು ಕೆಟ್ಟದ ಅಂತ ಚೀಟಿ ಬರದು ಕಳಸಬಹುದು.

ಮನಿಗೆ ಬಂದವರ ಕೈಯಾಗ ಮಾತ್ರ ಬಿಲ್ಲು ಕೊಡೂದಿಲ್ಲ. ಬಾಣ ಇಲ್ಲದ ಎಳದು ಬಿಟ್ರ, ಬಾಣಕ್ಕ ಹೋಗಬೇಕಾದ ಜೋರೆಲ್ಲಾ ಬಿಲ್ಲಿಗೇ ಬಡೀತದ. ಪಟ್ಟಿ ಒಡೀಬಹುದು, ಹೆದಿ ಕ್ಯಾಮಿಂದ ಜಿಗೀಬಹುದು. "ಒಂದ್ ಸಲ ಎಳದು ನೋಡ್ತೇನವಾ" ಅಂದ್ರು ನಮ್ಮ ದೊಡ್ಡ ಭಾವನವರು. ಅವರಿಗೆ ಚಹಾ ಕೊಟ್ಟೆ.