ಬೆಟ್ಟದ ಭೋಗ್ಯಪತ್ರ

ಕರಾರು ಎಂಬುದು ನಮ್ಮ ಒಕ್ಕಲು ಮಕ್ಕಳಿಗೆ ಹೊಸ ಮಾತಲ್ಲ. ಹೊಲವನ್ನು ಕೋರಿಗೆ ಕೊಡುವುದು, ತೋಟವನ್ನು ಗುತ್ತಿಗೆಗೆ ಬಿಡುವುದು, ಕಷ್ಟಕಾಲ ಒದಗಿದಾಗ ಜಮೀನನ್ನು ಭೋಗ್ಯಕ್ಕೆ ಹಾಕುವುದು, ಇವೆಲ್ಲ ನಮ್ಮ ಹಿರಿಯರು ತಲೆಮಾರುಗಳಿಂದ ನಡೆಸಿಕೊಂಡು ಬಂದ ವ್ಯವಹಾರಗಳೇ ಆಗಿವೆ. ನಮ್ಮ ತಂದೆಯವರು ಊರಿನವರಿಗೆ ಇಂಥ ಪತ್ರಗಳನ್ನು ಬರೆದುಕೊಟ್ಟು ಕೊನೆಗೆ ತಮ್ಮ ಬಿಕ್ಕಲಂ ಹಾಕುತ್ತಿದ್ದರು. ಬರೆಯುವುದಕ್ಕೆ ಮೊದಲು ಉಭಯ ಪಕ್ಷದವರನ್ನೂ ಜಗಲಿಯ ಮೇಲೆ ಕೂಡಿಸಿಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಅವರ ಪದ್ಧತಿಯಾಗಿತ್ತು. ಜಮೀನಿನ ಚಕ್ಕುಬಂದಿ ಯಾವುದು? ಅವಧಿ ಎಷ್ಟು? ಅವಧಿ ತೀರಿದ ಮೇಲೆ ಜಮೀನು ಯಾವ ಸ್ಥಿತಿಯಲ್ಲಿ ಮರಳಬೇಕು? ಅದರಲ್ಲಿ ದಾರಿಯ ಹಕ್ಕು, ನೀರಿನ ಹಕ್ಕು ಇರುವ ನೆರೆಯವರು ಯಾರು? ನಾಲ್ಕನೆಯ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಅವರು ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ.

ಎಕರೆ ಎರಡೆಕರೆಯ ಈ ವ್ಯವಹಾರಗಳಿಗೆ ಇಷ್ಟು ವಿಚಾರ ಬೇಕೆಂದಾದರೆ, ಬೆಟ್ಟಕ್ಕೆ ಬೆಟ್ಟವನ್ನೇ ಸರ್ಕಾರಗಳು ಗಣಿ ಸಂಸ್ಥೆಗಳಿಗೆ ಒಪ್ಪಿಸುವಾಗ ಎಷ್ಟು ವಿಚಾರ ಬೇಡ? ಆ ಪತ್ರಗಳಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರುತ್ತದೆಯೇ? ಭದ್ರಾ ಬಲದಂಡೆ ನಾಲೆಯ ನೀರಿನಲ್ಲಿ ಗದ್ದೆ ಮಾಡುವ ಕುಟುಂಬದವನಾದುದರಿಂದ ಈ ವಿಚಾರ ನನ್ನನ್ನು ಬಹುಕಾಲದಿಂದ ಕಾಡುತ್ತಲಿದೆ. ಏಕೆಂದರೆ ಅಂಥ ಒಂದು ಮಹಾಕರಾರು ನಮ್ಮ ನದಿಯ ತಲೆಯ ಮೇಲೆಯೇ ನಡೆದುಹೋಯಿತು. ಅದು ಕುದುರೆಮುಖದ ಕಥೆ.

ಚಿಕ್ಕಮಗಳೂರು ಜಿಲ್ಲೆಯ ಪಡುವಣ ಅಂಚಿನಲ್ಲಿ, ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸಹ್ಯಾದ್ರಿಯ ಶ್ರೇಣಿಯಲ್ಲಿ ಕುದುರೆಮುಖವಿದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲ ಅಲ್ಲಿಗೆ ಸಮೀಪದಲ್ಲೇ ಇದೆ. ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇದೆಯೆಂಬುದನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದರು. ಆದರೆ ಅದು ಬಳ್ಳಾರಿ, ಸಂಡೂರುಗಳ ಅದಿರಿನಂತೆ ಉತ್ಕೃಷ್ಟವಾದುದಲ್ಲ. ನೂರರಲ್ಲಿ ಸುಮಾರು 38 ಪಾಲು ಮಾತ್ರ ಕಬ್ಬಿಣವುಳ್ಳ ಮ್ಯಾಗ್ನೆಟೈಟ್ ಅದಿರು. ಅದನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಸೆಳೆದು ಸಾಂದ್ರಗೊಳಿಸಿದರಷ್ಟೇ ಕುಲುಮೆಗೆ ಯೋಗ್ಯವಾಗುವುದು. ಇಷ್ಟು ಖರ್ಚಿನ ಕೆಲಸಕ್ಕೆ ಕೈಹಾಕುವವರು ಅರ್ಧ ಶತಮಾನ ಕಳೆದರೂ ದೊರೆಯಲಿಲ್ಲ.

ಅರವತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಶೋಧನೆ ನಡೆಸಿತು. 1969ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರದಿಂದ 30 ವರ್ಷಗಳ ಗಣಿ ಗುತ್ತಿಗೆ ದೊರೆಯಿತು. ಗುತ್ತಿಗೆಯ ವಿಸ್ತಾರ 4,600 ಹೆಕ್ಟೇರಿಗೂ ಹೆಚ್ಚು. ಅಮೆರಿಕದ ಮಾರ್ಕೋನಾ ಸಂಸ್ಥೆ ಹಾಗೂ ಜಪಾನಿನ ಕಂಪನಿಗಳೊಡನೆ ನಡೆದ ಮಾತುಕತೆ ಫಲಿಸಲಿಲ್ಲ. ಅಷ್ಟರಲ್ಲಿ 1973ರಲ್ಲಿ ಜಗತ್ತಿನಲ್ಲಿ ಎಣ್ಣೆಯ ಬೆಲೆ ಏರಿತು. ಎಣ್ಣೆಯ ಹಣದಿಂದ ಶ್ರೀಮಂತವಾದ ಇರಾನಿನ ದೊರೆ ಮೊಹಮ್ಮದ್ ರೆಜಾ ಶಾಹನಿಗೆ ತನ್ನ ದೇಶದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಬೇಕೆಂಬ ಹಂಬಲ. ಭಾರತಕ್ಕೋ ವಿದೇಶೀ ವಿನಿಮಯದ ಕೊರತೆ. ಹೀಗೆ 1975ರ ನವೆಂಬರಿನಲ್ಲಿ ಉಭಯ ಸರ್ಕಾರಗಳ ನಡುವೆ ಕರಾರಾಯಿತು. ಇರಾನು 63 ಕೋಟಿ ಡಾಲರ್ ಸಾಲ ಕೊಡತಕ್ಕದ್ದು. ಭಾರತವು 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರಿತ ಅದಿರನ್ನು ಒದಗಿಸತಕ್ಕದ್ದು. ಈ ಕಾರ್ಯಕ್ಕಾಗಿ 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು.

ಅಲ್ಲಿ ನಡೆದ ಕೆಲಸ ಸಾಮಾನ್ಯವಾದುದಲ್ಲವೆಂಬುದನ್ನು ನಿಷ್ಪಕ್ಷಪಾತವಾಗಿ ಒಪ್ಪಬೇಕು. ದಾರಿಯೇ ಇಲ್ಲದ ಕಾಡಿನಲ್ಲಿ ರಸ್ತೆಗಳಾದವು, ಊರೊಂದು ಎದ್ದಿತು, ಅರೆದ ಅದಿರಿನ ಕೆಸರನ್ನು ಘಟ್ಟದ ಇಳಿಜಾರಿನಲ್ಲಿ ಮಂಗಳೂರಿನ ಬಂದರಿಗೆ ಹರಿಸಲು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಸಿದ್ಧವಾಯಿತು. ಕಬ್ಬಿಣ ತೆಗೆದು ಉಳಿದ ನಿರುಪಯುಕ್ತ ಮಣ್ಣನ್ನು ಹಿಡಿದಿಡಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಎತ್ತರವಾದ ಅಣೆಕಟ್ಟೆ ಕಟ್ಟಿದರು. 1980ರಲ್ಲಿ, ನಿಗದಿಯಾದ ಕಾಲಕ್ಕೆ ಸರಿಯಾಗಿ, ಗಣಿ ಸಿದ್ಧವಾಗಿ ನಿಂತಿತು. ಆದರೆ ಅದಿರು ಕೊಳ್ಳಬೇಕಾದವನೇ ಆ ವೇಳೆಗೆ ಇರಲಿಲ್ಲ! 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾಹನ ಪ್ರಭುತ್ವ ಉರುಳಿತು. ಒಪ್ಪಿದ ಸಾಲದ ಒಂದು ಭಾಗ ಬಂದು ಉಳಿದುದು ನಿಂತುಹೋಯಿತು. ಇರಾನಿನ ಖರೀದಿಯನ್ನೇ ನಂಬಿದ್ದ ಸಂಸ್ಥೆ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಅರಸಬೇಕಾಯಿತು. ಪುಡಿ ಅದಿರನ್ನು ಉಂಡೆ ಕಟ್ಟಿ ಮಾರಲೆಂದು 1987ರಲ್ಲಿ ಮಂಗಳೂರಿನಲ್ಲಿ ಮತ್ತೊಂದು ಕಾರ್ಖಾನೆ ತೆರೆಯಬೇಕಾಯಿತು. ಇಪ್ಪತ್ತೊಂದು ವರ್ಷದ ಕರಾರು ನಾಲ್ಕೇ ವರ್ಷದಲ್ಲಿ ಕಾಗದವಾಗಿ ಉಳಿಯಿತು. ಅವಧಿ ಎಷ್ಟೆಂಬ ಪ್ರಶ್ನೆಗೆ ಪತ್ರದಲ್ಲಿ ಉತ್ತರವಿತ್ತು. ಕೊಳ್ಳುವವನು ಅಲ್ಲಿಯವರೆಗೆ ಉಳಿಯದಿದ್ದರೆ ಏನೆಂಬುದಕ್ಕೆ ಕಾಲವೇ ಉತ್ತರ ಹೇಳಿತು. ಆದರೆ ಬೆಟ್ಟವಾದರೋ ಆಗಲೇ ಅಗೆಯಲ್ಪಟ್ಟಿತ್ತು. ಕರಾರು ಮುರಿದರೂ ಮುರಿದ ಬೆಟ್ಟ ಕೂಡುವುದಿಲ್ಲವಷ್ಟೆ.

ಭೋಗ್ಯಕ್ಕೂ ಗಣಿ ಗುತ್ತಿಗೆಗೂ ಇರುವ ಅಂತರ ಇಲ್ಲಿಯೇ. ಭೋಗ್ಯದಾರನು ಹೊಲದ ಬೆಳೆಯನ್ನು ಉಣ್ಣುತ್ತಾನೆ, ಹೊಲವನ್ನು ಉಣ್ಣುವುದಿಲ್ಲ. ಅವಧಿ ತೀರಿದ ದಿನ ಹೊಲವು ಹೊಲವಾಗಿಯೇ ಮನೆಗೆ ಬರುತ್ತದೆ. ಗಣಿಯಲ್ಲಿ ಹಾಗಲ್ಲ, ಬೆಳೆಯೂ ಅದೇ, ಹೊಲವೂ ಅದೇ. ನೂರರಲ್ಲಿ 38 ಪಾಲು ಸತ್ತ್ವವುಳ್ಳ ಅದಿರನ್ನು 67 ಪಾಲಿಗೆ ಏರಿಸಬೇಕಾದರೆ ಅಗೆದುದರಲ್ಲಿ ಅರ್ಧದಷ್ಟು ಮಣ್ಣು ಬೆಟ್ಟದ ಮಡಿಲಲ್ಲಿಯೇ ಉಳಿಯುತ್ತದೆ. ಅದು ಮೊದಲಿದ್ದ ಮಣ್ಣಲ್ಲ. ಬೇರು ಹಿಡಿಯದ, ಮಳೆಗೆ ನಿಲ್ಲದ ಪುಡಿ. ಗಣಿ ಮುಚ್ಚುವಾಗ ಭೂಮಿಯನ್ನು ಹೇಗೆ ಒಪ್ಪಿಸಬೇಕೆಂಬ ಯೋಜನೆ ಕಡ್ಡಾಯವೆಂದು ನಮ್ಮ ದೇಶದ ಗಣಿ ನಿಯಮಗಳಲ್ಲಿ ಸೇರಿದ್ದು 2003ರಲ್ಲಿ. ಕುದುರೆಮುಖದ ಗುತ್ತಿಗೆಯಾದುದು ಅದಕ್ಕೆ 34 ವರ್ಷ ಮೊದಲು.

ಇನ್ನು ಚಕ್ಕುಬಂದಿಯ ವಿಚಾರ. ಹೆಕ್ಟೇರುಗಳ ಲೆಕ್ಕದಲ್ಲಿ ಎಲ್ಲೆ ಬರೆಯಬಹುದು. ಮಳೆಗೆ, ಹೊಳೆಗೆ ಆ ಎಲ್ಲೆ ತಿಳಿಯದು. ಕುದುರೆಮುಖದಲ್ಲಿ ಬಿದ್ದ ಹನಿ ಕಳಸ, ಹೊರನಾಡು, ಬಾಳೆಹೊನ್ನೂರುಗಳನ್ನು ಹಾಯ್ದು ಲಕ್ಕವಳ್ಳಿಯ ಜಲಾಶಯಕ್ಕೆ ಬರುತ್ತದೆ. 71.5 ಟಿ.ಎಂ.ಸಿ. ಹಿಡಿಯುವ ಆ ಜಲಾಶಯದಿಂದ ನಾಲೆಗಳಲ್ಲಿ ಹರಿದು ಶಿವಮೊಗ್ಗ, ದಾವಣಗೆರೆ ಸೀಮೆಯ ಭತ್ತದ ಗದ್ದೆ, ಅಡಕೆಯ ತೋಟಗಳನ್ನು ಮುಟ್ಟುತ್ತದೆ. ಗಣಿಯ ಪ್ರದೇಶ ಭದ್ರೆಯ ಜಲಾನಯನದ ಅತ್ಯಲ್ಪ ಭಾಗವಾಗಿದ್ದರೂ ಮಳೆಗಾಲದಲ್ಲಿ ನದಿ ಹೊತ್ತು ತರುವ ಹೂಳಿನಲ್ಲಿ ಅದರ ಪಾಲು ಬಹು ದೊಡ್ಡದೆಂದು ವಿಜ್ಞಾನಿಗಳು ಅಳೆದು ತೋರಿಸಿದರು. ನೀರಿನ ಹಕ್ಕುಳ್ಳ ಲಕ್ಷಾಂತರ ನೆರೆಯವರಿದ್ದರು. ಪತ್ರಕ್ಕೆ ಅವರ ಸಾಕ್ಷಿ ಇರಲಿಲ್ಲ.

ನನ್ನ ಪಾಲಿಗೆ ಈ ವಿಚಾರ ಇಷ್ಟು ಸರಳವಾಗಿ ಮುಗಿಯುವುದಿಲ್ಲ. ಶ್ರೀಮಠದ ಪ್ರಸಾದ ನಿಲಯದಲ್ಲಿ ನನ್ನೊಡನೆ ಉಂಡು ಓದಿದ ನನ್ನ ದೊಡ್ಡಪ್ಪನ ಮಗ ಅದೇ ಗಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿದವನು. ನಮ್ಮ ದೊಡ್ಡಪ್ಪನವರಿಗೆ ಇದ್ದದ್ದು ಮಳೆಯಾಶ್ರಯದ ಮೂರೆಕರೆ ಹೊಲ; ನಾಲೆಯ ನೀರು ಅತ್ತ ಹರಿಯಲಿಲ್ಲ. ಆ ಸಂಬಳದಿಂದ ಇಬ್ಬರು ತಂಗಿಯರ ಮದುವೆಯಾಯಿತು, ಮಕ್ಕಳ ವಿದ್ಯಾಭ್ಯಾಸವಾಯಿತು. ಮಂಜು ಮುಸುಕಿದ ಆ ಊರಿನ ಶಾಲೆ, ಆಸ್ಪತ್ರೆಗಳನ್ನು ಅವನು ನನಗೆ ತೋರಿಸುವಾಗ ಅವನ ಮುಖದಲ್ಲಿದ್ದ ಅಭಿಮಾನ ನನಗಿನ್ನೂ ನೆನಪಿದೆ. ಗಣಿ ನಿಂತ ಮೇಲೆ ಸ್ವಯಂನಿವೃತ್ತಿ ಪಡೆದು ಊರಿಗೆ ಬಂದ ಅವನು ಒಮ್ಮೆ ನನ್ನನ್ನು ಕೇಳಿದ: "ನಿಮ್ಮ ಗದ್ದೆಗೆ ತಿಳಿನೀರು ಬರಲಿ ಅಂತ ನನ್ನಂಥವರ ಅನ್ನ ಹೋಗಬೇಕಾಯಿತಲ್ಲ ತಮ್ಮಾ, ನೀನೇನು ಹೇಳುತ್ತೀ? ಲಕ್ಕವಳ್ಳಿ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳವರನ್ನು ನಿಮ್ಮ ನಾಲೆಯವರು ಯಾರಾದರೂ ಕೇಳಿದ್ದಿರಾ?"

ಈ ಮಾತಿನಲ್ಲಿ ಸತ್ಯವಿದೆ. ನಮ್ಮ ಗದ್ದೆಯ ನೀರೂ ಯಾರದೋ ಮನೆಯಂಗಳವನ್ನು ಮುಳುಗಿಸಿಯೇ ಬಂದದ್ದು. ಅವನ ಅನ್ನ ಪಾಪದ ಅನ್ನವಲ್ಲ. ಮಳೆಯಲ್ಲಿ, ಕೆಸರಿನಲ್ಲಿ ಬೆವರು ಸುರಿಸಿ ಗಳಿಸಿದ ಕಾಯಕದ ಅನ್ನ. ನಾನು ಅವನಿಗೆ ಹೇಳಿದ್ದು ಇಷ್ಟೇ: "ಅಣ್ಣಾ, ನಿನ್ನನ್ನೂ ಆ ಪತ್ರಕ್ಕೆ ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಮೂವತ್ತು ವರ್ಷಕ್ಕೆ ಮುಗಿಯುವ ಗುತ್ತಿಗೆ ಎಂಬುದು ಮೊದಲ ದಿನವೇ ಗೊತ್ತಿತ್ತು. ಮುಗಿದ ಮಾರನೆಯ ದಿನ ನಿನ್ನ ಗತಿಯೇನು, ಹೊಳೆಯ ಗತಿಯೇನು ಎಂದು ಮೊದಲೇ ಬರೆದಿಟ್ಟಿದ್ದರೆ ನಾವಿಬ್ಬರು ಹೀಗೆ ಎದುರುಬದುರು ನಿಲ್ಲುತ್ತಿರಲಿಲ್ಲ." ಅವನು ಮರುಮಾತಾಡಲಿಲ್ಲ, ಒಪ್ಪಿದನೆಂದೂ ನಾನು ಹೇಳಲಾರೆ.

ಗುತ್ತಿಗೆಯ ಅವಧಿ 1999ರ ಜುಲೈಯಲ್ಲಿ ತೀರಿತು. ಅದಕ್ಕೆ ಮೊದಲೇ, 1987ರಲ್ಲಿ, ಆ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಉದ್ದೇಶ ಪ್ರಕಟವಾಗಿತ್ತು. 2001ರಲ್ಲಿ ಅಂತಿಮ ಘೋಷಣೆಯಾಯಿತು. ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ನಡೆಯುತ್ತಿರಲು ಪರಿಸರಪ್ರೇಮಿಗಳೂ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರೂ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 2005ರ ಅಂತ್ಯಕ್ಕೆ ಗಣಿಯನ್ನು ನಿಲ್ಲಿಸತಕ್ಕದ್ದೆಂದು ತೀರ್ಪಿತ್ತಿತು. ಹಾಗೆಯೇ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನದಿಯ ಪರವಾಗಿ ಪತ್ರದಲ್ಲಿ ಬರೆಯದೆ ಬಿಟ್ಟ ಷರತ್ತನ್ನು ನ್ಯಾಯಪೀಠವೇ ಬರೆಯಬೇಕಾಯಿತು. ಉದ್ಯಾನದ ಕಾನೂನು ಕಾಡಿನೊಳಗಿದ್ದ ಬಡ ಒಕ್ಕಲುಗಳಿಗೂ ಸ್ಥಳಾಂತರದ ಆತಂಕವನ್ನು ತಂದಿತೆಂಬುದನ್ನೂ ಮರೆಯಲಾಗದು. ತಡವಾಗಿ ದೊರೆತ ನ್ಯಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದು ಕಷ್ಟ.

ಇಂದು ಕಾಲ ಬದಲಾಗಿದೆ. 2015ರ ತಿದ್ದುಪಡಿಯ ಮೇಲೆ ಖನಿಜ ಗುತ್ತಿಗೆಗಳು ಹರಾಜಿನ ಮೂಲಕ ಹೋಗುತ್ತವೆ. ಗಣಿಯಿಂದ ಬಾಧಿತರಾದ ಜನರಿಗಾಗಿ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಹರಾಜಿಗೆ ಮುಂಚಿನ ಗುತ್ತಿಗೆದಾರರು ರಾಜಧನದ ನೂರಕ್ಕೆ 30ರಷ್ಟನ್ನು, ಹರಾಜಿನಲ್ಲಿ ಪಡೆದವರು 10ರಷ್ಟನ್ನು ಅದಕ್ಕೆ ಕೊಡಬೇಕು. ಖನಿಜಭೂಮಿಯ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗೆ ಉಂಟೆಂದು 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಇವು ಒಳ್ಳೆಯ ಹೆಜ್ಜೆಗಳೇ. ಆದರೂ ಕುದುರೆಮುಖದ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಕೊಡುವ ವಿಚಾರವಾಗಿ 2024ರಲ್ಲಿ ಕೇಂದ್ರ, ರಾಜ್ಯಗಳ ನಡುವೆ ವಾದ ಎದ್ದಾಗ ಹಳೆಯ ಬೆಟ್ಟದ ಬಾಕಿಯ ಮಾತೇ ಮುಂದೆ ಬಂದಿತು. ಹಳೆಯ ಪತ್ರದ ಲೆಕ್ಕ ಚುಕ್ತಾ ಆಗದೆ ಹೊಸ ಪತ್ರಕ್ಕೆ ರುಜು ಬೀಳುವುದು ಊರಿನ ವ್ಯವಹಾರದಲ್ಲೂ ಇಲ್ಲ.

ಕಬ್ಬಿಣ ಬೇಡವೆಂದು ಯಾರೂ ಹೇಳಲಾರರು. ನೇಗಿಲ ಗುಳದಿಂದ ಹಿಡಿದು ನಾಲೆಯ ತೂಬಿನ ಬಾಗಿಲಿನವರೆಗೆ ನಮ್ಮ ಬದುಕು ಅದರ ಮೇಲೆಯೇ ನಿಂತಿದೆ. ಅಗೆಯಬೇಕೋ ಬೇಡವೋ ಎಂಬುದಕ್ಕಿಂತ ಪತ್ರವನ್ನು ಯಾರೆದುರು ಓದಿ ಬರೆಯಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಗಣಿಗೆ ಮುಂಚೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗಳಿಗೆ ಹೋಗುವವರು ಗುತ್ತಿಗೆದಾರರ ಕಡೆಯವರು, ವಿರೋಧಿಸುವ ಕೆಲವರು ಮಾತ್ರ. ಹೊಳೆಯ ಕೆಳಗಿನ ಊರುಗಳವರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಮನೆಯಲ್ಲೇ ಕುಳಿತಿರುತ್ತಾರೆ. ಮಠದ ವಿದ್ಯಾಸಂಸ್ಥೆಗಳಲ್ಲಿ ನಾಲ್ಕಕ್ಷರ ಕಲಿತ ನಾವು ಮಾಡಬಹುದಾದ ಕೆಲಸವೊಂದಿದೆ. ಆ ಕಾಗದಗಳನ್ನು ತರಿಸಿ, ಓದಿ, ಓದಲಾರದವರಿಗೆ ತಿಳಿಗನ್ನಡದಲ್ಲಿ ಹೇಳಿ, ಸಭೆಯಲ್ಲಿ ಎದ್ದು ನಿಂತು ಕೇಳಬೇಕು: ಗಣಿ ಮುಗಿದ ಮಾರನೆಯ ದಿನ ಈ ನೀರಿಗೆ ಹೊಣೆ ಯಾರು, ಇಲ್ಲಿ ದುಡಿದ ಕೈಗಳಿಗೆ ಹೊಣೆ ಯಾರು, ಆ ಹೊಣೆಗೆ ಬೇಕಾದ ಹಣ ಇಂದೇ ಎಲ್ಲಿ ಇರಿಸಲ್ಪಟ್ಟಿದೆ? ಇದಕ್ಕೆ ಉತ್ತರವಾಗಿ ಒಂದು ಸಾಲು ಪತ್ರದಲ್ಲಿ ಸೇರಿದರೂ ಸಾಕು, ಅಣ್ಣತಮ್ಮಂದಿರು ಒಂದೇ ಹೊಳೆಯ ಎರಡು ದಡಗಳಲ್ಲಿ ನಿಂತು ವಾದಿಸುವ ಪ್ರಸಂಗ ಮುಂದಿನವರಿಗಾದರೂ ತಪ್ಪೀತು.