ಮೂರು ನಿಲ್ದಾಣಗಳ ನೆರೆಯಲ್ಲಿ ನಾಲ್ಕು ದಿನ

ಹೊಸ ಊರಿಗೆ ಹೊರಟವನು ಮೊದಲು ಕೇಳುವ ಮಾತು ‘ಇಳಿದುಕೊಳ್ಳಲು ಎಲ್ಲಿ ಅನುಕೂಲ?’ ಎಂಬುದು. ಹಿಂದೆ ಇದಕ್ಕೆ ಮಠ, ಛತ್ರ, ಧರ್ಮಶಾಲೆಗಳೇ ಉತ್ತರವಾಗಿದ್ದವು. ಇಂದಿನ ವಸತಿಗೃಹಗಳ ಜಾಹೀರಾತುಗಳೆಲ್ಲವೂ ‘ನಗರದ ಕೇಂದ್ರಭಾಗದಲ್ಲಿದೆ, ನಿಲ್ದಾಣಕ್ಕೆ ಸಮೀಪ, ಪ್ರೇಕ್ಷಣೀಯ ಸ್ಥಳಗಳಿಗೆ ಹತ್ತಿರ’ ಎಂಬ ಒಂದೇ ಮಂತ್ರವನ್ನು ಜಪಿಸುತ್ತವೆ. ಈ ಮಾತಿಗೆ ನಿಜವಾದ ಅರ್ಥವೇನು, ಅದಕ್ಕಾಗಿ ಹೆಚ್ಚು ಹಣ ತೆರುವುದು ಯೋಗ್ಯವೇ ಎಂಬುದು ವಿಚಾರಾರ್ಹವಾದುದು. ಮಕ್ಕಳು ವಿದೇಶಗಳಲ್ಲಿ ನೆಲೆಸಿರುವ ಕುಟುಂಬಗಳು ಈಗ ಊರೂರಿನಲ್ಲಿಯೂ ಇವೆ. ಅವರ ತಂದೆತಾಯಿಗಳು ಒಮ್ಮೆಯಾದರೂ ಲಂಡನ್ ನಗರವನ್ನು ಕಂಡು ಬರಬೇಕೆನ್ನುವವರೇ. ಅಂಥವರಿಗೆ ಪ್ರಯೋಜನವಾದೀತೆಂದು, ಆ ನಗರದ ಯೂಸ್ಟನ್ ರಸ್ತೆಯ ಆಸುಪಾಸಿನಲ್ಲಿ ನಾವು ಸಪತ್ನೀಕರಾಗಿ ಕಳೆದ ನಾಲ್ಕು ದಿನಗಳ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ಅಣ್ಣನ ಮಗನ ಮನೆಯಿಂದ ಲಂಡನ್ನಿಗೆ ರೈಲಿನಲ್ಲಿ ಒಂದು ತಾಸಿಗೂ ಮಿಕ್ಕಿದ ದಾರಿ. “ಕಾಕಾ, ನಮ್ಮ ಮನಿ ಇರೂವಾಗ ಹೋಟೆಲ್ ಯಾಕ್ರಿ? ದಿನಾ ಮುಂಜಾನೆ ಹೋಗಿ ಸಂಜೀಕ ಬಂದ್ರಾತಲ್ಲ” ಎಂಬುದು ಅವನ ವಾದ. ಹಣದ ದೃಷ್ಟಿಯಿಂದ ಅದು ಸರಿಯಾದುದೇ. ಅದಕ್ಕೆ ನಮ್ಮ ಮನೆಯವರು ಕೊಟ್ಟ ಉತ್ತರ ಇಷ್ಟೆ: “ಮುಂಜಾನೆ ಹೋಗೂದು ಖರೆ ತಮ್ಮಾ, ಮಧ್ಯಾಹ್ನಕ್ಕ ಈ ಮೊಣಕಾಲು ಎಲ್ಲಿ ಇಡೂಣು?” ವಾದ ಅಲ್ಲಿಗೆ ಮುಗಿಯಿತು.

ಲಂಡನ್ನಿಗೆ ದಾರಿಯ ಅಂತರವನ್ನು ಅಳೆಯುವುದು ಚೇರಿಂಗ್ ಕ್ರಾಸ್ ಎಂಬ ಕೂಡುರಸ್ತೆಯಿಂದ. ನಕಾಶೆಯ ಮಟ್ಟಿಗೆ ನಗರದ ನಡು ಅದು. ಆದರೆ ಪ್ರಯಾಣಿಕನ ನಡು ಅದಕ್ಕೂ ಉತ್ತರದಲ್ಲಿದೆ. ಯೂಸ್ಟನ್, ಸೇಂಟ್ ಪ್ಯಾಂಕ್ರಾಸ್, ಕಿಂಗ್ಸ್ ಕ್ರಾಸ್ ಎಂಬ ಮೂರು ಮಹಾನಿಲ್ದಾಣಗಳು ಒಂದೇ ರಸ್ತೆಯ ಮಗ್ಗುಲಲ್ಲಿ, ಹದಿನೈದು ನಿಮಿಷದ ನಡಿಗೆಯೊಳಗೆ ಸಾಲಾಗಿ ನಿಂತಿವೆ. ಹೀಗೇಕೆ ಎಂಬುದಕ್ಕೆ ಕಾರಣವುಂಟು. ಈ ರಸ್ತೆಯನ್ನು 1756ರಲ್ಲಿ ನಿರ್ಮಿಸಿದಾಗ ಅದು ಊರ ಹೊರಗಿನ ಸುತ್ತುದಾರಿ; ಸ್ಮಿತ್‌ಫೀಲ್ಡ್ ಸಂತೆಗೆ ಹೊಡೆದುಕೊಂಡು ಹೋಗುವ ದನಗಳ ಹಿಂಡುಗಳು ಪೇಟೆಯೊಳಗೆ ನುಗ್ಗದಿರಲೆಂದು ಮಾಡಿದ್ದು. ರೈಲು ಬಂದ ಮೇಲೆ, ನಗರದ ಒಳಭಾಗದ ಮನೆಮಾರುಗಳನ್ನು ಕೆಡವಿ ಹಳಿ ಹಾಕಬಾರದೆಂದು 1846ರ ರಾಜನಿಯೋಗವೊಂದು ಸಲಹೆ ಮಾಡಿತು. ಆದುದರಿಂದ ಉತ್ತರದಿಂದ ಬಂದ ರೈಲುಗಳೆಲ್ಲ ಈ ದನಗಳ ದಾರಿಯ ಅಂಚಿನಲ್ಲಿಯೇ ನಿಲ್ಲಬೇಕಾಯಿತು. ಯೂಸ್ಟನ್ 1837ರಲ್ಲಿಯೇ ತೆರೆದಿತ್ತು. ಕಿಂಗ್ಸ್ ಕ್ರಾಸ್ 1852ರಲ್ಲಿ, ಸೇಂಟ್ ಪ್ಯಾಂಕ್ರಾಸ್ 1868ರಲ್ಲಿ ಬಂದವು. ನಿಂತ ಜನರನ್ನು ಒಳಗೆ ಸಾಗಿಸಲು 1863ರಲ್ಲಿ ಈ ರಸ್ತೆಯ ಅಡಿಯಲ್ಲಿಯೇ ಜಗತ್ತಿನ ಮೊದಲ ಸುರಂಗ ರೈಲು ಓಡಿತು, ಅದೂ ಉಗಿಯಂತ್ರದಿಂದ! ರಾತ್ರಿ ಇಳಿದವರಿಗೆ ಮಲಗಲು ಎಡೆ ಬೇಕಷ್ಟೆ. ಸುತ್ತಲಿನ ಬೀದಿಗಳಲ್ಲಿ ವಸತಿಗೃಹಗಳು ಹುಟ್ಟಿಕೊಂಡವು.

ಅವುಗಳಲ್ಲಿ ರಾಜವೈಭವದ್ದೆಂದರೆ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಮುಂಭಾಗವೇ ಆಗಿರುವ, ಗಿಲ್ಬರ್ಟ್ ಸ್ಕಾಟ್ ಎಂಬ ಶಿಲ್ಪಿ ರಚಿಸಿದ, 1873ರಲ್ಲಿ ತೆರೆದ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲು. ಕೆಂಪು ಇಟ್ಟಿಗೆಯ ಗೋಪುರಗಳನ್ನು ನೋಡಿ ಯಾವುದೋ ಅರಮನೆಯೆಂದೇ ಮೊದಲು ಭಾವಿಸುವಂತಿದೆ. ಇಷ್ಟೆಲ್ಲ ಬೆಡಗಿದ್ದರೂ ಕೋಣೆಗೊಂದು ಸ್ನಾನಗೃಹವಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಕಾಲ ಬದಲಾದಂತೆ ಅದೇ ಕೊರತೆ ದೊಡ್ಡದಾಗಿ, 1935ರಲ್ಲಿ ಹೋಟೆಲು ಮುಚ್ಚಿತು. 1960ರ ದಶಕದಲ್ಲಿ ಪಕ್ಕದ ಯೂಸ್ಟನ್ನಿನ ಭವ್ಯ ಮಹಾದ್ವಾರವನ್ನು ಕೆಡವಿದವರು ಇದನ್ನೂ ಕೆಡವುವುದರಲ್ಲಿದ್ದರು. ಕವಿ ಜಾನ್ ಬೆಚಮನ್ ಮೊದಲಾದವರು ಪಟ್ಟು ಹಿಡಿದುದರಿಂದ 1967ರಲ್ಲಿ ರಕ್ಷಿತ ಕಟ್ಟಡವಾಯಿತು. 2011ರಲ್ಲಿ ಮತ್ತೆ ವಸತಿಗೃಹವೂ ಆಯಿತು. ಹಿಂದಿನ ರೈಲುಚಾವಣಿಯದು ಸುಮಾರು 240 ಅಡಿ ಅಗಲದ, ನಡುವೆ ಒಂದು ಕಂಬವೂ ಇಲ್ಲದ ಒಂದೇ ಕಮಾನು. ಅದರ ಕೆಳಗಿನ ನೆಲಮಾಳಿಗೆಯ ಕಂಬಗಳ ಅಂತರವನ್ನು ಬರ್ಟನ್ ಊರಿನಿಂದ ಬರುತ್ತಿದ್ದ ಮದ್ಯದ ಪೀಪಾಯಿಗಳ ಅಳತೆಗೆ ನಿಗದಿ ಮಾಡಿದರಂತೆ. ಯಾವುದನ್ನು ಅಳತೆಗೋಲಾಗಿ ಇಟ್ಟುಕೊಂಡರು ನೋಡಿ! 2007ರಿಂದ ಪ್ಯಾರಿಸ್ಸಿಗೆ ಹೋಗುವ ಪ್ರಯಾಣಿಕರು ಅದೇ ಮಾಳಿಗೆಯಲ್ಲಿ ಸಾಲುಗಟ್ಟುತ್ತಾರೆ.

ನಾವು ಇಳಿದುದು ಅಲ್ಲಲ್ಲ. ಅದರ ದಕ್ಷಿಣಕ್ಕೆ ಬ್ಲೂಮ್ಸ್‌ಬರಿ ಎಂಬ ಬಡಾವಣೆಯ ಒಂದು ಹಳೆಯ ಮನೆಯಲ್ಲಿ. ಇನ್ನೂರು ವರ್ಷದ ಸಾಲುಮನೆಗಳನ್ನು ಒಳಗೊಳಗೇ ವಿಂಗಡಿಸಿ ವಸತಿಗೃಹ ಮಾಡಿರುತ್ತಾರೆ. ಕೋಣೆ ನಮ್ಮೂರ ದೇವರಮನೆಗಿಂತ ತುಸು ದೊಡ್ಡದು. ಎರಡು ಪೆಟ್ಟಿಗೆ ಬಿಚ್ಚಿದರೆ ಕಾಲಿಡಲು ಸ್ಥಳವಿಲ್ಲ. ಲಿಫ್ಟ್ ಇಲ್ಲ, ಇಂಥ ಮನೆಗಳಲ್ಲಿ ಬಹಳಷ್ಟರಲ್ಲಿ ಇರುವುದಿಲ್ಲ. ಆದ್ದರಿಂದ ಕೋಣೆ ಎಷ್ಟನೆಯ ಮಹಡಿಯಲ್ಲಿದೆ, ಸ್ನಾನಗೃಹ ಒಳಗೇ ಇದೆಯೇ, ಕಿಟಕಿ ರಸ್ತೆಗೋ ಹಿತ್ತಿಲಿಗೋ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು. ನಮಗೆ ಹಿತ್ತಿಲ ಕಡೆಯ ಕೋಣೆ ದೊರೆತುದರಿಂದ, ಬೆಳಗಿನ ಜಾವದ ಸ್ನಾನ ಪೂಜೆಗಳು ನಿರ್ವಿಘ್ನವಾಗಿ ನೆರವೇರಿದವು. ಮಹಾನಗರದ ನಡುವಿನಲ್ಲಿ ಪಕ್ಷಿಗಳ ದನಿ ಕೇಳಿಸಿತು. ಬೆಳಗಿನ ಉಪಾಹಾರದಲ್ಲಿ ನಮ್ಮ ಪಾಲಿಗೆ ಬಂದುದು ಹಣ್ಣು, ಬ್ರೆಡ್ಡು, ಹಾಲು. ಊಟಕ್ಕೆ ಯೂಸ್ಟನ್ ನಿಲ್ದಾಣದ ಮಗ್ಗುಲಿನ ಡ್ರಮಂಡ್ ಬೀದಿ ಇತ್ತು. ಅಲ್ಲಿ ಭಾರತೀಯ ಊಟದ ಮನೆಗಳೇ ಸಾಲಾಗಿವೆ, ಶಾಕಾಹಾರದವೂ ಉಂಟು.

ಬೆಳಗ್ಗೆ ಎರಡು ತಾಸು ನಡೆದು, ಮಧ್ಯಾಹ್ನ ಕೋಣೆಗೆ ಮರಳಿ ಒರಗಿ, ನಾಲ್ಕು ಗಂಟೆಗೆ ಮತ್ತೆ ಹೊರಡುವುದು ನಮ್ಮ ದಿನಚರಿಯಾಯಿತು. ನಾವು ತೆತ್ತ ಹೆಚ್ಚಿನ ಹಣವೆಲ್ಲ ಈ ಮಧ್ಯಾಹ್ನದ ಎರಡು ತಾಸಿಗೇ ಸಂದಿತು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ದೂರದಿಂದ ಬಂದವರು ನಾಲ್ಕಕ್ಕೇ ದಣಿದು ರೈಲು ಹಿಡಿಯುವಾಗ ವೃದ್ಧರಾದ ನಾವು ಎರಡನೆಯ ದಿನವೊಂದನ್ನು ಆರಂಭಿಸುತ್ತಿದ್ದೆವು.

ಪಂಡಿತವೃತ್ತಿಯವರಿಗೆ ಈ ನೆರೆಹೊರೆ ತವರುಮನೆಯಿದ್ದಂತೆ. ಸೇಂಟ್ ಪ್ಯಾಂಕ್ರಾಸಿಗೆ ಅಂಟಿಕೊಂಡೇ ಬ್ರಿಟಿಷ್ ಲೈಬ್ರರಿ ಇದೆ. ಬ್ರಿಟಿಷ್ ಮ್ಯೂಸಿಯಂ ಇಪ್ಪತ್ತು ನಿಮಿಷದ ನಡಿಗೆ. ಮ್ಯೂಸಿಯಮ್ಮಿನ ಗ್ರಂಥಭಂಡಾರದಲ್ಲಿದ್ದ ಕನ್ನಡ, ಬಡಗ, ಕೊಡಗು ಭಾಷೆಗಳ ಪುಸ್ತಕಗಳಿಗೆ ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು 1910ರಲ್ಲಿಯೇ ಸೂಚಿಯನ್ನು ಸಿದ್ಧಪಡಿಸಿದರು. 1973ರಲ್ಲಿ ಆ ಭಂಡಾರ ಬ್ರಿಟಿಷ್ ಲೈಬ್ರರಿಗೆ ಸೇರಿತು. ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳೂ ಈಗ ಅಲ್ಲಿಯೇ. ನಮ್ಮ ಎಷ್ಟೋ ಮಠಗಳಲ್ಲಿ ತಾಡವೋಲೆಗಳು ಗೆದ್ದಲಿನ ಪಾಲಾದುದನ್ನು ಕಣ್ಣಾರೆ ಕಂಡ ನಮಗೆ ಅಲ್ಲಿನ ಅಚ್ಚುಕಟ್ಟು ಸಂತೋಷವನ್ನೂ, ಮ್ಯೂಸಿಯಮ್ಮಿನಲ್ಲಿ ಕೃಷ್ಣಾತೀರದ ಅಮರಾವತಿಯ ಶಿಲ್ಪಗಳನ್ನು ಗಾಜಿನಾಚೆ ಕಂಡಾಗ ಬೇರೆಯೇ ಒಂದು ಭಾವವನ್ನೂ ಉಂಟುಮಾಡಿದವು. ಎರಡೂ ಒಟ್ಟಿಗೇ ಇರಬಲ್ಲವು.

ದಾರಿಯಲ್ಲಿ ಟ್ಯಾವಿಸ್ಟಾಕ್ ಚೌಕದ ಉದ್ಯಾನ. ನಡುವೆ ಪದ್ಮಾಸನದಲ್ಲಿ ಕುಳಿತ ಗಾಂಧೀಜಿ, ಪ್ರತಿಮೆ 1968ರದು. 1888ರಲ್ಲಿ ವಿದ್ಯಾರ್ಥಿಯಾಗಿ ಬಂದಿಳಿದ ಅವರು ಮೊದಲು ತಂಗಿದುದು ವಿಕ್ಟೋರಿಯಾ ಎಂಬ ಹೋಟೆಲಿನಲ್ಲಿ. ಮೂರು ಪೌಂಡಿನ ಬಿಲ್ಲನ್ನು ಕಂಡು ಬೆಚ್ಚಿಬಿದ್ದುದನ್ನೂ, ಅಷ್ಟು ತೆತ್ತೂ ಹೊಟ್ಟೆಗಿಲ್ಲದೆ ಇದ್ದುದನ್ನೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಬಿಲ್ಲನ್ನು ನೆನೆದು ಸಮಾಧಾನ ತಂದುಕೊಂಡೆವು. ಆದರೆ ಇದೇ ಚೌಕದ ಬದಿಯಲ್ಲಿ 2005ರ ಜುಲೈ 7ರಂದು 30ನೆಯ ಸಂಖ್ಯೆಯ ಬಸ್ಸಿನಲ್ಲಿ ಬಾಂಬು ಸಿಡಿದು 13 ಜನ ಅಸುನೀಗಿದರು. ಆ ದಿನ ನಗರದಲ್ಲಿ ಮಡಿದವರು 52 ಜನ. ಅದಕ್ಕೂ ಮೊದಲು, 1987ರ ನವೆಂಬರ್ 18ರಂದು, ಕಿಂಗ್ಸ್ ಕ್ರಾಸಿನ ಸುರಂಗ ನಿಲ್ದಾಣದಲ್ಲಿ ಮರದ ಚಲಿಸುವ ಮೆಟ್ಟಿಲುಗಳ ಕೆಳಗೆ ಉರಿಯುವ ಕಡ್ಡಿಯೊಂದು ಬಿದ್ದು ಎದ್ದ ಬೆಂಕಿಯಲ್ಲಿ 31 ಜನ ತೀರಿಕೊಂಡಿದ್ದರು. ನಾಲ್ಕು ದಿನ ನಾವು ನಿಶ್ಚಿಂತೆಯಿಂದ ಏರಿಳಿದ ನಿಲ್ದಾಣ ಅದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ನಿಂತುದು ಯಾವ ಪ್ರಸಿದ್ಧ ಸೌಧದ ಮುಂದೆಯೂ ಅಲ್ಲ, ಕೋರಮ್ಸ್ ಫೀಲ್ಡ್ಸ್ ಎಂಬ ಆಟದ ಬಯಲಿನ ಕಬ್ಬಿಣದ ಗೇಟಿನ ಮುಂದೆ. ಥಾಮಸ್ ಕೋರಮ್ ಹಡಗಿನ ಕಪ್ತಾನ. ಲಂಡನ್ನಿನ ಬೀದಿಬದಿಯಲ್ಲಿ ಎಸೆದುಹೋದ ಹಸುಗೂಸುಗಳನ್ನು ಕಂಡು ತಡೆಯಲಾರದೆ, ಹದಿನೇಳು ವರ್ಷ ಸಿರಿವಂತರ ಬಾಗಿಲು ತಟ್ಟಿ, 1739ರಲ್ಲಿ ಅರಸನ ಸನ್ನದು ಪಡೆದು ಅನಾಥಾಲಯ ಸ್ಥಾಪಿಸಿದ. ಮಗುವನ್ನು ಒಪ್ಪಿಸುವ ತಾಯಿ, ಮುಂದೆಂದಾದರೂ ಗುರುತಿಸಿ ಕರೆದೊಯ್ಯಲೆಂದು, ಒಂದು ಗುಂಡಿ, ಮುರಿದ ನಾಣ್ಯ, ಬಟ್ಟೆಯ ಚೂರು, ಹೀಗೆ ಏನಾದರೊಂದನ್ನು ಇಟ್ಟು ಹೋಗುತ್ತಿದ್ದಳು. ಮಗುವಿಗೆ ಬೇರೆ ಹೆಸರಿಡುತ್ತಿದ್ದರು. ಹೆಚ್ಚಿನ ತಾಯಂದಿರು ಮರಳಿ ಬರಲೇ ಇಲ್ಲ. ಆ ಗುರುತುಗಳಲ್ಲಿ ಕೆಲವು ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ. ಒಂದೊಂದನ್ನೂ ನೋಡುತ್ತ ನಮ್ಮ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. 1926ರಲ್ಲಿ ಆಲಯ ಊರ ಹೊರಗೆ ಹೋದಾಗ ಈ ನೆಲ ಕಟ್ಟಡಗಳ ಪಾಲಾಗುವುದರಲ್ಲಿತ್ತು. ಜನ ಹಣ ಕೂಡಿಸಿ ಮಕ್ಕಳಿಗಾಗಿ ಉಳಿಸಿಕೊಂಡರು. ಈಗಲೂ ಅಲ್ಲಿ ಮಗುವಿನ ಜೊತೆಗಲ್ಲದೆ ದೊಡ್ಡವರಿಗೆ ಪ್ರವೇಶವಿಲ್ಲ. ನಾವಿಬ್ಬರೂ ಹೊರಗೇ ನಿಂತು, ಒಳಗಿನ ಕೇಕೆಯನ್ನು ಕೇಳಿ ಬಂದೆವು. ಅಷ್ಟು ಬೆಲೆಬಾಳುವ ನೆಲದಲ್ಲಿ ಹಾಗೊಂದು ನಿಯಮವಿರುವುದು ನಮಗೆ ಬಹುವಾಗಿ ಒಪ್ಪಿತು.

ಕೊನೆಯ ದಿನಕ್ಕೆ ಬಸವಣ್ಣನವರ ದರ್ಶನವನ್ನು ಇರಿಸಿಕೊಂಡಿದ್ದೆವು. ಕಿಂಗ್ಸ್ ಕ್ರಾಸಿನಿಂದಾಗಲಿ ಯೂಸ್ಟನ್ನಿನಿಂದಾಗಲಿ ವಿಕ್ಟೋರಿಯಾ ಮಾರ್ಗದ ರೈಲು ಹತ್ತಿದರೆ, ಎಲ್ಲಿಯೂ ಬದಲಿಸದೆ, ಕಾಲು ತಾಸಿನಲ್ಲಿ ವಾಕ್ಸ್‌ಹಾಲ್ ನಿಲ್ದಾಣ. ಅಲ್ಲಿಂದ ಥೇಮ್ಸ್ ನದಿಯ ದಂಡೆ ಹಿಡಿದು ಲ್ಯಾಂಬೆತ್ ಸೇತುವೆಯ ಕಡೆಗೆ ನಡೆದರೆ ಆಲ್ಬರ್ಟ್ ಎಂಬಾಂಕ್‌ಮೆಂಟಿನ ತೋಟದಲ್ಲಿ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅದಕ್ಕಾಗಿ ಶ್ರಮಿಸಿದವರು ಲ್ಯಾಂಬೆತ್ತಿನ ಮೇಯರರಾಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರು. ಗದ್ದಲವಿಲ್ಲದ ಸ್ಥಳ. ಓಡುತ್ತ ಹೋಗುವ ತರುಣರು, ನಾಯಿ ಹಿಡಿದ ಮುದುಕರು. ಅರ್ಧ ತಾಸು ಕುಳಿತೆವು. ಒಬ್ಬ ಬಿಳಿಯ ಹೆಣ್ಣುಮಗಳು ನಿಂತು ಪೀಠದ ಮೇಲಿನ ಬರಹವನ್ನು ಪೂರ್ತಿಯಾಗಿ ಓದಿ ಹೋದಳು.

ಹೋಗುವವರಿಗೆ ಇನ್ನೊಂದು ಮಾತು. ಹೀಥ್ರೋ ವಿಮಾನನಿಲ್ದಾಣದಿಂದ ಪಿಕಡಿಲಿ ಮಾರ್ಗದ ರೈಲು ನೇರವಾಗಿ ಈ ಭಾಗಕ್ಕೆ ಬರುತ್ತದೆ. ನಕಾಶೆಯಲ್ಲಿ ರಸೆಲ್ ಸ್ಕ್ವೇರ್ ಹತ್ತಿರವೆಂದು ಕಂಡರೂ ಅಲ್ಲಿ ಲಿಫ್ಟ್ ಕೆಟ್ಟರೆ ಸುರುಳಿ ಮೆಟ್ಟಿಲುಗಳು 175. ಪೆಟ್ಟಿಗೆ ಹೊತ್ತವರು ಮುಂದಿನ ನಿಲ್ದಾಣವಾದ ಕಿಂಗ್ಸ್ ಕ್ರಾಸಿನಲ್ಲಿ ಇಳಿಯುವುದು ಲೇಸು; ಅಲ್ಲಿ ಹಳಿಯಿಂದ ಬೀದಿಯವರೆಗೂ ಮೆಟ್ಟಿಲು ಹತ್ತದೆ ಬರಬಹುದು. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಯ ಮೇಲೆ. ಬೇಗ ತಲುಪಿದರೆ ಪೆಟ್ಟಿಗೆಯನ್ನು ಅವರ ವಶಕ್ಕೆ ಕೊಟ್ಟು, ಹತ್ತಿರದ ಯಾವುದಾದರೂ ಉದ್ಯಾನದ ಬೆಂಚಿನಲ್ಲಿ ಕುಳಿತಿರಬಹುದು.