ಔಷಧಿ ಕುಡಿಸುವ ವಿದ್ಯೆ

ಅರುವತ್ತನಾಲ್ಕು ವಿದ್ಯೆಗಳಲ್ಲಿ ಮಕ್ಕಳಿಗೆ ಔಷಧಿ ಕುಡಿಸುವ ವಿದ್ಯೆ ಸೇರಿಲ್ಲ. ಆ ಪಟ್ಟಿ ಮಾಡಿದವರು ಗಂಡಸರೇ ಇರಬೇಕೆಂದು ನನ್ನ ಊಹೆ. ವೈದ್ಯರು ಚೀಟಿ ಬರೆದರೆ ಅವರ ಕೆಲಸ ಮುಗಿಯಿತು. ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟರೆ ಅವನದೂ ಮುಗಿಯಿತು. ಆ ಪೊಟ್ಟಣದಲ್ಲಿರುವುದು ಮಗುವಿನ ಗಂಟಲು ದಾಟಿ ಹೊಟ್ಟೆ ಸೇರುವವರೆಗಿನ ದಾರಿ ಇದೆಯಲ್ಲ, ಅದು ಕೊಪ್ಪದಿಂದ ಬೆಂಗಳೂರಿಗೆ ಹೋಗುವ ದಾರಿಗಿಂತ ಉದ್ದ.

ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಹಿಂದಿನ ತಲೆಮಾರಿನ ಮಲೆನಾಡಿಗರಿಗೆ ಚಳಿಜ್ವರವೆಂಬುದು ಮಳೆಯಷ್ಟೇ ಪರಿಚಿತ. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳನ್ನು ಕಂಡು ಯಾರೂ ಬೆರಗಾಗುತ್ತಿರಲಿಲ್ಲವಂತೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯತೊಡಗಿದ ಕಾಲಕ್ಕೆ ನಮ್ಮ ಅಜ್ಜಿ ಚಿಕ್ಕ ಹುಡುಗಿ. ಅದಕ್ಕೂ ಮೊದಲು ಅವರ ಪಾಲಿಗೆ ಬಂದದ್ದು ಕ್ವಿನೈನು. ಒಬ್ಬರು ಕೈ ಹಿಡಿಯುವುದು, ಇನ್ನೊಬ್ಬರು ಕಾಲು ಹಿಡಿಯುವುದು, ಮೂರನೆಯವರು ಮೂಗು ಒತ್ತಿ, ಬಾಯಿ ತೆರೆದ ಕೂಡಲೇ ಒಳಲೆಯಿಂದ ಸುರಿಯುವುದು. "ಜ್ವರವೇ ವಾಸಿ ಅನ್ನಿಸ್ತಿತ್ತು" ಎನ್ನುತ್ತಾರೆ ಅಜ್ಜಿ. ಹೀಗೆ ಸುರಿದದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟೆಂದು ಈಗ ವೈದ್ಯರು ಹೇಳುತ್ತಾರೆ. ಕಹಿಯನ್ನು ಉಗುಳುವುದು ಮಗುವಿನ ಹಟವೂ ಅಲ್ಲ. ವಿಷದ ಸೊಪ್ಪು ಕಾಯಿಗಳಿಂದ ಪಾರಾಗಲು ನಿಸರ್ಗವೇ ಕಲಿಸಿದ ಪಾಠ ಅದು.

ಕಳೆದ ಸುಗ್ಗಿಯ ಹೊತ್ತಿಗೆ ಈ ವಿದ್ಯೆ ನಮ್ಮ ಮನೆಯಲ್ಲಿ ಮತ್ತೆ ಬೇಕಾಯಿತು. ಅಜ್ಜಯ್ಯನ ಕೆಮ್ಮು ಕ್ಷಯವೆಂದು ಗೊತ್ತಾಯಿತು. ಮೊದಲಾಗಿದ್ದರೆ ಮೈಸೂರಿನ ಸ್ಯಾನಿಟೋರಿಯಮ್ಮಿಗೆ ಹೋಗಿ ತಿಂಗಳುಗಟ್ಟಲೆ ಮಲಗಬೇಕಾಗಿತ್ತೇನೋ. 1952ರಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ ಬಳಕೆಗೆ ಬಂತು. ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ಮದರಾಸಿನ ಪ್ರಯೋಗ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ರೋಗಿ ಮನೆಗೆ ಬಂದ, ಸಂತೋಷ. ಆದರೆ ಅವನೊಂದಿಗೆ ದಾದಿಯ ಕೆಲಸವೂ ಮನೆಗೆ ಬಂತು ಎಂಬುದನ್ನು ಯಾರೂ ದೊಡ್ಡದಾಗಿ ಹೇಳಿದ ಹಾಗಿಲ್ಲ.

ಅಜ್ಜಯ್ಯ ಮಾತ್ರೆ ನುಂಗುವುದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಣ್ಣನ ಮಗನದು. ಅವನಿಗೆ ಮೂರು ತುಂಬಿಲ್ಲ, ತೂಕ ಹತ್ತು ಕಿಲೋ, ರೋಗ ಏನೂ ಇಲ್ಲ. ಆದರೂ ಅವನಿಗೆ ಆರು ತಿಂಗಳು ದಿನಾ ಐಸೋನಿಯಜಿಡ್ ಕೊಡಬೇಕೆಂದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ರೋಗಾಣು ಬೇಗ ಹಬ್ಬಿ, ಮಿದುಳಿನ ಪೊರೆಗೂ ಏರಬಹುದು, ಬಿ.ಸಿ.ಜಿ. ಚುಚ್ಚುಮದ್ದು ತಕ್ಕಮಟ್ಟಿಗೆ ಕಾಯುತ್ತದೆ, ಪೂರ್ತಿ ಕಾಯದು. ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಂದು 100 ಮಿಲಿಗ್ರಾಂ ಮಾತ್ರೆ.

"ಏನೂ ಆಗದ ಹುಡುಗಂಗೆ ಔಷಧಿ ಯಾಕೆ ಮಾರಾಯ್ತಿ?" ಎಂದು ಅಜ್ಜಿ ಅತ್ತಿಗೆಯನ್ನು ಕೇಳಿದರು. ನೆರೆಮನೆಯವರೂ ಕೇಳಿದರು. ಜ್ವರ ಬಂದ ಮಗುವಿಗೆ ಔಷಧಿ ಕೊಟ್ಟರೆ ಜ್ವರ ಇಳಿದದ್ದು ಕಾಣುತ್ತದೆ. ಇಲ್ಲಿ ಕಾಣುವುದೇನು? ಆಡುತ್ತಿದ್ದ ಹುಡುಗ ಆಡುತ್ತಲೇ ಇರುತ್ತಾನೆ, ಅಷ್ಟೆ. ಇಂಥ ಔಷಧಿಯನ್ನು ಆರು ತಿಂಗಳು ಬಿಡದೆ ಕೊಡುವ ತಾಳ್ಮೆ ಎಷ್ಟು ಜನರಿಗಿದ್ದೀತು!

ಮೊದಲ ದಿನ ಅಣ್ಣ ತನ್ನ ಜಾಣತನ ತೋರಿಸಿದ. ಮಾತ್ರೆಯನ್ನು ಪುಡಿಮಾಡಿ ಒಂದು ಲೋಟ ಹಾಲಿಗೆ ಹಾಕಿದ. ಹುಡುಗ ಅರ್ಧ ಕುಡಿದು ಬಿಟ್ಟ. ಒಳಗೆ ಹೋದ ಔಷಧಿ ಎಷ್ಟು, ಲೋಟದ ತಳದಲ್ಲಿ ಉಳಿದದ್ದೆಷ್ಟು, ಯಾವ ಗಣಿತದ ಅಧ್ಯಾಪಕರೂ ಹೇಳಲಾರರು. ಮೇಲಾಗಿ ಹುಡುಗ ಎರಡು ದಿನ ಹಾಲನ್ನೇ ಮುಟ್ಟಲಿಲ್ಲ. ಅಂದಿನಿಂದ ಆ ಖಾತೆಯನ್ನು ಅತ್ತಿಗೆ ವಹಿಸಿಕೊಂಡರು.

ಅವರ ಕ್ರಮ ಸರಳ. ಕೊಡುವ ಹೊತ್ತಿಗೇ ಎರಡು ಚಮಚಗಳ ನಡುವೆ ಮಾತ್ರೆಯನ್ನು ಒತ್ತಿ ಪುಡಿಮಾಡುವುದು, ಕಲಸಿ ಇಡುವಂತಿಲ್ಲ. ಒಂದೇ ಚಮಚ ನೀರು, ಒಂದು ತೊಟ್ಟು ಜೋನಿಬೆಲ್ಲ. ಹುಡುಗ ನೆಟ್ಟಗೆ ಕೂರಬೇಕು. "ಕುಡಿಯುತ್ತೀಯಾ?" ಎಂದು ಮಾತ್ರ ಕೇಳುವುದಿಲ್ಲ, ಕೇಳಿದರೆ "ಇಲ್ಲ" ಎನ್ನಲು ಅವನಿಗೆ ಹಕ್ಕಿದೆ. "ಸ್ಟೀಲಿನ ಚಮಚವೋ, ಬೆಳ್ಳಿಯದೋ?" ಎಂದು ಕೇಳುತ್ತಾರೆ. ದೊರೆ ಬಹಳ ಯೋಚಿಸಿ ಬೆಳ್ಳಿಯದನ್ನು ಆರಿಸುತ್ತಾನೆ. ಅಷ್ಟರಲ್ಲಿ ಕುಡಿಯುವ ವಿಚಾರ ತೀರ್ಮಾನವಾಗಿಬಿಟ್ಟಿರುತ್ತದೆ. ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಬೇರೆ ಹೆಸರಿರಬಹುದು.

ಒಂದು ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಮಾತ್ರೆಯನ್ನು ಪೆಪ್ಪರಮೆಂಟು ಎಂದು ಯಾರೂ ಹೇಳಕೂಡದು. ಒಮ್ಮೆ ಹಾಗೆ ನಂಬಿದ ಮಗು ಮರುದಿನ ಅಜ್ಜಯ್ಯನ ಮಾತ್ರೆಗಳನ್ನೂ ಪೆಪ್ಪರಮೆಂಟೆಂದು ತಿಂದೀತು. ಅದಕ್ಕೇ ಎರಡೂ ಡಬ್ಬಿಗಳು ಕೈಗೆಟುಕದ ನಾಗಂದಿಗೆಯ ಮೇಲಿವೆ. "ಡಾಕ್ಟರು ಸೂಜಿ ಚುಚ್ಚುತ್ತಾರೆ" ಎಂದು ಹೆದರಿಸಲೂ ಕೂಡದು. "ಸ್ವಲ್ಪ ಕಹಿ ಪುಟ್ಟ, ಬೇಗ ಹೋಗುತ್ತದೆ" ಎಂದು ಇದ್ದದ್ದನ್ನೇ ಹೇಳುತ್ತಾರೆ. ಹುಡುಗ ಮುಖ ಕಿವುಚುತ್ತಾನೆ, ನುಂಗುತ್ತಾನೆ. ಕಾರಿಕೊಂಡ ದಿನ ತಾವೇ ಇನ್ನೊಂದು ಮಾತ್ರೆ ಕೊಡದೆ, ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಕೇಳುತ್ತಾರೆ.

ಮಕ್ಕಳಿಗೆ ಬೇಕಾದ ಔಷಧಿಗಳದೇ ಪ್ರತ್ಯೇಕ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಮಾಡಿದ್ದು 2007ರಲ್ಲಿ. ದೊಡ್ಡವರ ಪಟ್ಟಿ ಬಂದು ಆಗಲೇ ಮೂವತ್ತು ವರ್ಷವಾಗಿತ್ತು! ಅಷ್ಟು ಕಾಲ ಮಾತ್ರೆಯನ್ನು ಮುರಿದು, ಅರೆದು, ಅಂದಾಜು ಮಾಡಿ ಕೊಟ್ಟವರು ತಾಯಂದಿರು.

ಅಜ್ಜಯ್ಯ ಬೆಳಿಗ್ಗೆ ಜಗಲಿಯ ಆಚೆ ತುದಿಯಲ್ಲಿ ಕೂತು ತಮ್ಮ ಮಾತ್ರೆ ನುಂಗುತ್ತಾರೆ. ಈಚೆ ತುದಿಯಲ್ಲಿ ಮೊಮ್ಮಗನ ಮಗ. ಯಾರದು ಮೊದಲು ಮುಗಿಯುತ್ತದೆಂದು ಪಂದ್ಯ. ಮುಗಿದ ಮೇಲೆ ಹುಡುಗ ಒಂದು ಅಡಿಕೆಯನ್ನು ಬುಟ್ಟಿಗೆ ಹಾಕಬೇಕು. ಈ ಲೇಖನ ಬರೆಯುವ ಹೊತ್ತಿಗೆ ಬುಟ್ಟಿಯಲ್ಲಿ 117 ಅಡಿಕೆಗಳಿವೆ.

ಅಜ್ಜಯ್ಯನ ಔಷಧಿ ಹುಡುಗನದಕ್ಕಿಂತ ಒಂದು ವಾರ ಮೊದಲು ಮುಗಿಯುತ್ತದೆ. ಜೊತೆಯಿಲ್ಲದೆ ಆ ಒಂದು ವಾರ ಅವನು ನುಂಗುವನೇ ಎಂಬುದು ಈಗಿನ ಚಿಂತೆ. "ನಾನು ಬೆಲ್ಲದ ಚೂರನ್ನೇ ಮಾತ್ರೆ ಅಂತ ನುಂಗ್ತೇನೆ, ಬಿಡು" ಎಂದಿದ್ದಾರೆ ಅಜ್ಜಯ್ಯ. "ಅದು ಸುಳ್ಳಾಗ್ತದೆ ಅಜ್ಜಯ್ಯ" ಎಂದು ಅತ್ತಿಗೆ ಇನ್ನೂ ಒಪ್ಪಿಲ್ಲ.